ಮೆಸ್ಸಿನ ಹಿಂಬಾಗಿಲ ಕಷಾಯ

ಕಳೆದ ವಾರ ನಮ್ಮ ಬೀದಿಯ ಹುಡುಗನೊಬ್ಬ ಪೇಡೆ ಡಬ್ಬಿ ಹಿಡಿದು ಬಂದ. ಯಾವುದೋ ಕಾಲೇಜಿನ ಹಾಸ್ಟೆಲ್ಲಿಗೆ ವಾರ್ಡನ್ ಆಗಿದ್ದಾನಂತೆ. "ಅಂಕಲ್, ನೀವು ಆ ಕಾಲದಲ್ಲೇ ಹಾಸ್ಟೆಲ್ ನಡೆಸಿದವ್ರು. ಫ್ರೆಂಡ್ಸ್ ಬಲವಂತಕ್ಕೆ ಹುಡುಗ್ರು ಕುಡಿಯೋದು ಕಲೀತಾರಲ್ಲ, ನೀವು ಹೆಂಗೆ ತಡೀತಿದ್ರಿ?" ಎಂದು ಕೇಳಿದ. ನಗು ಬಂದು ಪೇಡೆ ಗಂಟಲಿಗೆ ಸಿಕ್ಕಿಕೊಂಡಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಪಾಪ, ಹುಡುಗ ಹೆದರಿ ನನ್ನ ಬೆನ್ನು ತಟ್ಟಿದ, ನೀರು ಕುಡಿಸಿದ, ಪ್ರಶ್ನೆಯನ್ನು ಮರೆತು ಮನೆಗೆ ಹೋದ. ಅವನಿಗೆ ಅಂದು ಹೇಳಲಾಗದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ವಾರ್ಡನ್ ಆಗಿದ್ದವನಲ್ಲ. ಜಯನಗರದ ಒಂದು ಹಾಸ್ಟೆಲ್ಲಿನಲ್ಲಿ ಮೆಸ್ ಮೇಲ್ವಿಚಾರಕ. ಹಾಗೆಂದರೆ ಸಾರಿನ ಉಪ್ಪು ನೋಡುವವನು, ಹಾಜರಿ ಬರೆಯುವವನು, ಗೇಟು ಹಾಕುವವನು, ಬಲ್ಬು ಬದಲಿಸುವವನು, ಹುಡುಗರಿಗೆ ಜ್ವರ ಬಂದರೆ ಗಂಜಿ ಕೊಡುವವನು, ಎಲ್ಲವೂ ನಾನೇ. ಆಮೇಲೆ ನನಗೆ ಒಂದೆರಡು ಬಡ್ತಿಯೂ ಬಂದವು. ಅದನ್ನು ಓದಿ ಯಾರಿಗೇನಾಗಬೇಕು, ಬಿಡಿ.

ಜಯನಗರವೆಂದರೆ ಆಗ ಸೈಟಿನ ಕಲ್ಲುಗಳು ಮತ್ತು ಅವುಗಳ ನಡುವೆ ಮೇಯುವ ಎಮ್ಮೆಗಳು. ಅಲ್ಲೊಂದು ಇಲ್ಲೊಂದು ಹೊಸ ಮನೆ. ನಮ್ಮ ಹಾಸ್ಟೆಲ್ಲಿನ ಹಿಂದಿನ ಗೋಡೆ ದಾಟಿದರೆ ರಾಗಿ ಹೊಲ, ಹೊಲ ದಾಟಿದರೆ ಹುಣಸೆ ತೋಪು. ಆ ತೋಪಿನಲ್ಲಿ ನಡೆದ ಕಥೆಯೇ ನಾನು ಹೇಳಬೇಕಾದದ್ದು. ಆದರೆ ಅದಕ್ಕೆ ಮೊದಲು ನನ್ನ ಮೂಗಿನ ಕಥೆ ಹೇಳಬೇಕು.

ನಾನು ಕೆಲಸಕ್ಕೆ ಸೇರಿದಾಗ ಇದ್ದ ಮೊದಲ ವಾರ್ಡನ್ನರು ವಯಸ್ಸಾದವರು, ಸಾಧುಸ್ವಭಾವದವರು. ಪಾಠ ಹೇಳುವುದಕ್ಕಿಂತ ಹೋಮಿಯೋಪತಿ ಔಷಧಿ ಕೊಡುವುದರಲ್ಲಿ ಅವರಿಗೆ ಪ್ರೀತಿ. ಒಂದು ದಿನ ನನ್ನನ್ನು ಕರೆದು, "ರಾಯರೇ, ಭಾನುವಾರ ಹುಡುಗ್ರು ದಂಡಿನ ಕಡೆ, ಕಂಟೋನ್ಮೆಂಟಿಗೆ, ಹೋಗಿ ಕುಡಿದು ಬರ್ತಾರೆ ಅಂತ ಕೇಳ್ದೆ. ಸಂಜೆ ಗೇಟಲ್ಲಿ ನಿಂತು ಒಬ್ಬೊಬ್ಬರ ಬಾಯೂ ಮೂಸಿ ನೋಡಿ ಒಳಗೆ ಬಿಡಿ" ಎಂದರು.

ಅಯ್ಯೋ ಶಿವನೇ! ಮೂವತ್ತು ರೂಮಿನ ಹುಡುಗರ ಬಾಯಿ ಮೂಸುವ ಕೆಲಸ ನನ್ನ ಶತ್ರುವಿಗೂ ಬೇಡ. "ಹಾ ಅನ್ನಪ್ಪ" ಎನ್ನುವುದು, ಮೂಸುವುದು, "ಹೋಗಪ್ಪ" ಎನ್ನುವುದು. ಎರಡನೇ ವಾರದಿಂದ ಹುಡುಗರು ಬೇಕೆಂದೇ ಹಸಿ ಈರುಳ್ಳಿ ಅಗಿದು ಬರತೊಡಗಿದರು. ಮೂರನೇ ವಾರ ಬೆಳ್ಳುಳ್ಳಿ. ರಾತ್ರಿ ಊಟಕ್ಕೆ ಕೂತರೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ನನ್ನ ಹೆಂಡತಿ, "ಇದೆಂಥಾ ಸರ್ಕಸ್ಸು ರೀ" ಎಂದು ನಕ್ಕಳು.

ನಾಲ್ಕನೇ ವಾರ ನನ್ನ ಮೂಗಿಗೆ ಒಬ್ಬ ಸಿಕ್ಕಿಬಿದ್ದ. ಘಮ್ಮೆನ್ನುವ ಸ್ಪಿರಿಟ್ಟಿನ ವಾಸನೆ! ಅವನು ಏನೋ ಹೇಳಲು ಬಂದ. ನಾನು ಕೇಳುತ್ತೇನೆಯೇ? ತೋಳು ಹಿಡಿದು ದರದರ ಎಳೆದುಕೊಂಡು ಹೋಗಿ ವಾರ್ಡನ್ನರ ಮುಂದೆ ನಿಲ್ಲಿಸಿದೆ. "ಸಾರ್, ಸಿಕ್ಕಿಬಿದ್ದ ಕಳ್ಳ!" ಎಂದೆ. ವಾರ್ಡನ್ನರು ಕನ್ನಡಕ ಸರಿಮಾಡಿಕೊಂಡು ಎದ್ದು ಬಂದರು, ಅವರೂ ಒಮ್ಮೆ ಮೂಸಿದರು. ಮುಖ ಕೆಂಪಾಯಿತು.

"ರಾಯರೇ, ಇದು ನನ್ನ ಔಷಧಿ ವಾಸನೆ. ಹಲ್ಲುನೋವು ಅಂತ ಬಂದಿದ್ದ, ಅರ್ಧ ಗಂಟೆ ಹಿಂದೆ ನಾನೇ ಹತ್ತು ತೊಟ್ಟು ಹಾಕ್ದೆ."

ಮಾರನೆಯ ದಿನ ನೋಟೀಸು ಬೋರ್ಡಿನ ಮೇಲೆ ಯಾರೋ ನನ್ನ ಚಿತ್ರ ಬರೆದಿದ್ದರು. ಮುಖಕ್ಕಿಂತ ಮೂಗೇ ದೊಡ್ಡದಿತ್ತು. ಚೆನ್ನಾಗಿಯೇ ಬರೆದಿದ್ದರು ಬಡ್ಡೀಮಕ್ಕಳು. ಅಂದಿನಿಂದ ಮೂಸುವ ಪದ್ಧತಿ ನಿಂತಿತು.

ಮೂಗಿಗೆ ರಜೆ ಸಿಕ್ಕ ಮೇಲೆ ನನ್ನ ಕಣ್ಣು ಚುರುಕಾಯಿತು. ಆಗ ಗೊತ್ತಾದದ್ದು, ಕುಡಿಯುವ ಹುಡುಗರಿಗಿಂತ ಕುಡಿಯುವುದರಿಂದ ತಪ್ಪಿಸಿಕೊಳ್ಳಲು ಒದ್ದಾಡುವವರೇ ಹೆಚ್ಚು ಎಂದು. ಒಬ್ಬನಂತೂ ಸ್ನೇಹಿತರು ಕರೆದಾಗಲೆಲ್ಲ "ಇವತ್ತು ಏಕಾದಶಿ ಕಣ್ರೋ" ಎನ್ನುತ್ತಿದ್ದ. ಒಂದು ತಿಂಗಳಲ್ಲಿ ಅವನಿಗೆ ಏಳು ಏಕಾದಶಿ ಬಂದವು. ಅಡುಗೆಯ ಸುಬ್ಬಾಭಟ್ಟರು ಪಾಪ, ನಿಜವೆಂದು ನಂಬಿ ಅವನಿಗೆ ಏಳು ಸಲವೂ ಅವಲಕ್ಕಿ ಹಾಕಿಕೊಟ್ಟರು. ಇನ್ನೊಬ್ಬ ಕಾಮಾಲೆ ಎಂದು ಹೇಳಿ ಉಗುರಿಗೆ ಅರಿಶಿನ ಬಳಿದುಕೊಂಡಿದ್ದ. ಮಜ್ಜಿಗೆ ಅನ್ನ ಕಲಸುವಾಗ ತಟ್ಟೆಯೆಲ್ಲ ಹಳದಿ.

ಇಷ್ಟೆಲ್ಲ ಪಾಡು ಏಕೆ? ಬೇಡ ಎಂದರೆ ಮುಗಿಯುವುದಿಲ್ಲವೇ? ಮುಗಿಯುತ್ತಿರಲಿಲ್ಲ. ನಮ್ಮ ಹಾಸ್ಟೆಲ್ಲಿನಲ್ಲಿ ಒಂದು ಸಂಪ್ರದಾಯವಿತ್ತು. ದಸರಾ ರಜೆ ಮುಗಿದ ಮೇಲೆ ಒಂದು ಭಾನುವಾರ, ಮಧ್ಯಾಹ್ನದ ಹಬ್ಬದೂಟ ಆದಮೇಲೆ, ಹಿರಿಯ ಹುಡುಗರು ಹೊಸಬರನ್ನು ಹುಣಸೆ ತೋಪಿಗೆ ಕರೆದುಕೊಂಡು ಹೋಗುವುದು. ಅಲ್ಲಿ ಎಲ್ಲರೂ ಕುಡಿಯಬೇಕು. ಹಿಂದೊಮ್ಮೆ ದೊಡ್ಡ ಬಾಟಲಿ ಸಿಕ್ಕಿಬಿದ್ದು ರಾದ್ಧಾಂತವಾದ್ದರಿಂದ, ಒಬ್ಬೊಬ್ಬನೂ ತನ್ನ ಪಾಲನ್ನು ತಾನೇ ಔಷಧಿ ಸೀಸೆಯಲ್ಲಿ ತುಂಬಿಸಿಕೊಂಡು ಜೇಬಿನಲ್ಲಿಟ್ಟು ತರಬೇಕೆಂದು ಕಾನೂನು ಮಾಡಿಕೊಂಡಿದ್ದರು. ಕುಡಿಯದವನಿಗೆ "ಅಜ್ಜಿ" ಎಂದು ಹೆಸರು. ಹೆಸರು ಇಟ್ಟರೆ ಮುಗಿಯಿತು, ಪದವಿ ಮುಗಿಸಿ ಹೋಗುವವರೆಗೂ ಅಜ್ಜಿಯೇ. ಅವನ ಪಕ್ಕ ಊಟಕ್ಕೆ ಯಾರೂ ಕೂರುತ್ತಿರಲಿಲ್ಲ. ಅವನು ಪಂಕ್ತಿಗೆ ಬಂದರೆ ಸಾಕು, "ಭಟ್ರೇ, ಅಜ್ಜಿಗೆ ಹಲ್ಲಿಲ್ಲ, ಅನ್ನ ಮೆತ್ತಗಿರ್ಲಿ" ಎಂದು ಎಲ್ಲರೂ ಒಟ್ಟಿಗೆ ಕೂಗುವುದು. ಹಾಗೆ ಅಜ್ಜಿಯಾದ ಹುಡುಗನೊಬ್ಬ ಅರ್ಧ ವರ್ಷಕ್ಕೇ ಪೆಟ್ಟಿಗೆ ಹೊತ್ತುಕೊಂಡು ಊರಿಗೆ ಹೋದದ್ದನ್ನು ನಾನೇ ನೋಡಿದ್ದೆ. ಅವನನ್ನು ಗೇಟಿನವರೆಗೆ ಬಿಟ್ಟು ಬಂದವನೂ ನಾನೇ.

ಹೀಗಿರುವಾಗ ಹಳೆಯ ವಾರ್ಡನ್ನರು ನಿವೃತ್ತರಾಗಿ ಹೊಸಬರು ಬಂದರು. ಕೆಮಿಸ್ಟ್ರಿ ಮೇಷ್ಟ್ರು. ಗರಿಗರಿ ಬಿಳಿ ಪ್ಯಾಂಟು, ಸೈಕಲ್ಲಿಗೂ ದಿನಾ ಎಣ್ಣೆ. ಬಂದ ವಾರದಲ್ಲೇ ನೋಟೀಸು ಅಂಟಿಸಿದರು. ಕುಡಿದು ಸಿಕ್ಕಿಬಿದ್ದವನ ಸೀಟು ಅವತ್ತೇ ರದ್ದು, ಅದರಲ್ಲೂ ಫ್ರೀ ಸೀಟಿನವರು ಮೊದಲು. ಮಾತಿಗೆ ತಪ್ಪುವ ಮನುಷ್ಯರಲ್ಲ ಎಂದು ಅವರ ಮೀಸೆ ನೋಡಿದರೇ ಗೊತ್ತಾಗುತ್ತಿತ್ತು.

ಆ ವರ್ಷ ಫ್ರೀ ಸೀಟು ಸಿಕ್ಕಿದ್ದು ಒಬ್ಬನಿಗೇ. ಗೊಟ್ಟಿಗೆರೆಯ ಪುಟ್ಟಸ್ವಾಮಿ. ಊರಿನಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವನು. ಬನ್ನೇರುಘಟ್ಟದ ದಾರಿಯಲ್ಲಿ ಆಗ ಬಸ್ಸಿನ ಪಾಡು ದೇವರಿಗೇ ಪ್ರೀತಿ, ದಿನಾ ಓಡಾಡಿ ಓದುವುದು ಆಗದ ಮಾತು. ಹಾಸ್ಟೆಲ್ ಸೀಟು ಹೋದರೆ ಓದೂ ಹೋಯಿತೆಂದೇ ಲೆಕ್ಕ. ಸಣ್ಣ ಆಳು, ದೊಡ್ಡ ಕಿವಿ, ಬಡಿಸಿದ್ದನ್ನು ತಟ್ಟೆ ತೊಳೆದಂತೆ ಉಣ್ಣುವವನು. ಬಂದ ಎರಡನೇ ದಿನವೇ ಅವನೆಂದರೆ ನನಗೆ ಇಷ್ಟವಾಗಿಬಿಟ್ಟಿತ್ತು.

ತೋಪಿನ ಭಾನುವಾರಕ್ಕೆ ಇನ್ನೂ ಐದು ದಿನವಿರುವಾಗ, ಮಧ್ಯಾಹ್ನ ಮೂರರ ಹೊತ್ತಿಗೆ, ಭಟ್ಟರು ಗೊರಕೆ ಹೊಡೆಯುತ್ತಿದ್ದಾಗ, ಅಡುಗೆಮನೆಯ ಹಿಂಬಾಗಿಲಲ್ಲಿ ಬಂದು ನಿಂತ. ಸೌದೆ ಇಳಿಸಲು ಇದ್ದ ಬಾಗಿಲು ಅದು, ಆ ಕಡೆ ಯಾರೂ ಬರುತ್ತಿರಲಿಲ್ಲ.

"ಸಾ, ಒಂದ್ ಮಾತು. ಯಾರ್ಗೂ ಏಳ್ಬಾರ್ದು."

"ಏನಪ್ಪಾ?"

"ಬಾನುವಾರ ತೋಪಿಗ್ ಬಾ ಅಂದವ್ರೆ. ಕುಡುದ್ರೆ ಸೀಟು ಓಯ್ತದೆ. ಕುಡೀದಿದ್ರೆ ಅಜ್ಜಿ ಅಂತಾರೆ. ನಮ್ಮವ್ವಂಗೆ ಮಾತ್ ಬೇರೆ ಕೊಟ್ಟಿವ್ನಿ. ಏನ್ ಮಾಡ್ಲಿ ಸಾ?" ಎಂದವನು ಕಣ್ಣು ಒರೆಸಿಕೊಂಡ.

ನನಗೆ ಏನು ಹೊಳೆಯಿತೋ ಏನೋ. ಬೆಳಿಗ್ಗೆ ನನ್ನ ನೆಗಡಿಗೆಂದು ಮಾಡಿಕೊಂಡಿದ್ದ ಕಷಾಯ ಒಲೆಯ ಪಕ್ಕ ಉಳಿದಿತ್ತು. ಮೆಣಸು, ಒಣಶುಂಠಿ, ಬೆಲ್ಲ, ಹಾಲಿಲ್ಲದ್ದು. ಎರಡು ಸಲ ಬಟ್ಟೆಯಲ್ಲಿ ಸೋಸಿ ಬೆಳಕಿಗೆ ಹಿಡಿದೆ. ಅಹಾ, ಏನು ಬಣ್ಣ! ಬ್ರಾಂದಿಯನ್ನು ನಾನು ಹತ್ತಿರದಿಂದ ಕಂಡವನಲ್ಲ, ಆದರೂ ಬ್ರಾಂದಿ ಹೀಗೇ ಇರಬೇಕು ಎನ್ನಿಸಿತು. "ಒಂದು ಗುಟುಕು ಕುಡಿ" ಎಂದೆ. ಕುಡಿದ. ಮುಖ ಹಿಂಡಿತು, ಕಣ್ಣು ಮುಚ್ಚಿತು, ಬಾಯಿಂದ "ಹ್ಹಾ" ಎಂದು ಉಸಿರು ಬಂತು. ನಟನೆ ಹೇಳಿಕೊಡುವ ಅಗತ್ಯವೇ ಇರಲಿಲ್ಲ.

"ವಾಸ್ನೆ ಬರಾಕಿಲ್ವಲ್ಲ ಸಾ?"

ಅದಕ್ಕೂ ದಾರಿ ಸಿಕ್ಕಿತು. ಹುಳಿ ಬಂದ ದೋಸೆ ಹಿಟ್ಟಿನ ಮೇಲೆ ನಿಂತ ನೀರನ್ನು ಎರಡು ಚಮಚ ತೆಗೆದು ಅವನ ಅಂಗಿಯ ಕೊರಳಿಗೆ ಸವರಿ ನೋಡಿದೆ. ಹತ್ತಿರ ಬಂದರೆ ಸಾಕು, ಹೆಂಡದಂಗಡಿಯೇ ಎದ್ದು ಬಂದಂತಿತ್ತು. ಇಬ್ಬರೂ ಬಾಯಿಗೆ ಬಟ್ಟೆ ಹಿಡಿದು ನಕ್ಕೆವು. ಯಾರಿಗೂ ಹೇಳುವುದಿಲ್ಲವೆಂದು ಬನಶಂಕರಮ್ಮನ ಮೇಲೆ ಆಣೆ ಮಾಡಿಸಿಕೊಂಡು ಹೋದ.

ಬುಧವಾರ ಮಧ್ಯಾಹ್ನ ಅದೇ ಬಾಗಿಲಲ್ಲಿ ಇನ್ನೊಬ್ಬ ಹೊಸ ಹುಡುಗ. "ಸಾರ್, ಒಂದು ವಿಷಯ, ಯಾರಿಗೂ ಹೇಳ್ಬಾರ್ದು..." ಅವನಿಗೂ ಕಷಾಯ, ಅವನಿಗೂ ಆಣೆ. ಸಂಜೆಗೆ ಮತ್ತೊಬ್ಬ. ಗುರುವಾರ ನಾಲ್ಕು ಜನ, ಒಬ್ಬ ಹೋದಮೇಲೆ ಒಬ್ಬ. ಎಲ್ಲರದ್ದೂ ಒಂದೇ ಮಾತು: "ಮಿಕ್ಕವರೆಲ್ಲ ಕುಡೀತಾರೆ ಸಾರ್, ನಾನೊಬ್ನೇ ಹೀಗೆ." ಶುಕ್ರವಾರದ ಹೊತ್ತಿಗೆ ಹನ್ನೊಂದು ಜನ ಹೊಸಬರೂ ಬಂದು ಹೋಗಿದ್ದರು. ಶನಿವಾರ ಬಾಗಿಲ ಸಪ್ಪಳವಾಯಿತು, ನೋಡಿದರೆ ಒಬ್ಬ ಸೀನಿಯರ್! ಹೋದ ವರ್ಷ ತೋಪಿನಲ್ಲಿ ಇಡೀ ಸೀಸೆ ಒಂದೇ ಗುಟುಕಿಗೆ ಮುಗಿಸಿದೆನೆಂದು ಮೀಸೆ ತಿರುವಿಕೊಂಡು ತಿರುಗುತ್ತಿದ್ದವನು. "ಸಾರ್, ಹೋದ್ವರ್ಷ ಬರೀ ಬೆಲ್ಲದ ನೀರು ಕುಡ್ದಿದ್ದೆ, ಈ ಸಲ ಯಾರಾದ್ರೂ ಕಂಡುಹಿಡೀತಾರೆ ಅಂತ ಭಯ" ಎಂದ. ಕತ್ತಲಾಗುವ ಮೊದಲು ಹಾಗೆಯೇ ಆರು ಜನ ಸೀನಿಯರ್‌ಗಳು ಬಂದು ಹೋದರು.

ತೋಪಿಗೆ ಹೋಗುವವರು ಹದಿನೆಂಟು ಜನ. ಹದಿನೇಳು ಜನರ ಜೇಬಿನಲ್ಲಿ ನನ್ನ ಕಷಾಯ. ಬಾರದಿದ್ದವನು ಒಬ್ಬನೇ, ಮೂರನೇ ವರ್ಷದ ರಂಗನಾಥ. ಎನ್‌ಸಿಸಿ ಬೂಟು ಹಾಕಿಕೊಂಡು ದಪದಪ ಓಡಾಡುತ್ತಿದ್ದುದರಿಂದ ಎಲ್ಲರೂ ಅವನನ್ನು ಜನರಲ್ ಎನ್ನುತ್ತಿದ್ದರು. ಈ ಸಂಪ್ರದಾಯಕ್ಕೆಲ್ಲ ಅವನೇ ಯಜಮಾನ. ಹಾಗಾದರೆ ನಿಜವಾಗಿ ಕುಡಿಯುವವನು ಇವನೊಬ್ಬನೇ ಎಂದುಕೊಂಡೆ.

ಆಗಲೇ ನಾನು ಹದಿನೇಳು ಜನರನ್ನೂ ಒಂದು ಕಡೆ ಕೂರಿಸಿ ವಿಷಯ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ಆಣೆ ಇತ್ತು, ನಿಜ. ಆದರೆ ಇನ್ನೂ ನಿಜವಾದ ಕಾರಣವೆಂದರೆ ನನಗೆ ಮಜಾ ಹತ್ತಿತ್ತು. ಹದಿನೇಳು ಜನ ಕಷಾಯ ಕುಡಿದು ಒಬ್ಬರ ಮುಂದೆ ಒಬ್ಬರು ತೂರಾಡುವುದನ್ನು ನೆನೆದು ನೆನೆದು ಒಬ್ಬನೇ ನಗುತ್ತಿದ್ದೆ. ನನ್ನ ಇಡೀ ಸರ್ವೀಸಿನಲ್ಲಿ ಮಾಡಿದ ದೊಡ್ಡ ತಪ್ಪು ಇದು.

ಏಕೆಂದರೆ ಸುಬ್ಬಾಭಟ್ಟರಿಗೆ ಮೆಣಸಿನ ಡಬ್ಬ ಖಾಲಿಯಾದದ್ದು ಗೊತ್ತಾಯಿತು. ಭಾನುವಾರ ಹಬ್ಬದೂಟದ ಸಾರಿಗೆ ಮೆಣಸಿಲ್ಲ. ಕಳ್ಳತನದ ಮಾತು ತಮ್ಮ ತಲೆಗೆ ಬಂದೀತೆಂದು ಹೆದರಿ, ಊಟ ಮುಗಿದದ್ದೇ ಅವರು ಸೀದಾ ವಾರ್ಡನ್ನರ ಹತ್ತಿರ ಹೋಗಿ, "ಸ್ವಾಮಿ, ತಿಂಗಳ ಮೆಣಸು ಒಂದೇ ವಾರಕ್ಕೆ ಮಾಯ. ಹುಡುಗ್ರು ಹಿಂಬಾಗಿಲಿಗೆ ಬಂದು ಬಂದು ಹೋಗ್ತಿದ್ರು" ಎಂದರು.

ವಾರ್ಡನ್ನರು ಕೆಮಿಸ್ಟ್ರಿ ಮೇಷ್ಟ್ರಲ್ಲವೇ, ಕೂಡಿ ಕಳೆದು ನೋಡಿದರು. ನನ್ನನ್ನು ಕರೆದು, "ರಾಯರೇ, ಗೊತ್ತಾಯ್ತಾ? ಮೆಣಸು ಅಗಿದ್ರೆ ಬಾಯಿ ವಾಸ್ನೆ ಮುಚ್ಚಿಹೋಗುತ್ತೆ. ಇಷ್ಟು ಮೆಣಸು ಹೋಗಿದೆ ಅಂದ್ರೆ ಎಷ್ಟು ಕುಡೀತಿರ್ಬೇಕು ಇವ್ರು! ಎಲ್ಲಿದ್ದಾರೆ ಈಗ?" ಎಂದರು.

"ತೋ... ತೋಪಿನ ಕಡೆ..." ಎಂದು ನನ್ನ ಹಾಳು ಬಾಯಿಂದಲೇ ಬಂತು.

"ಹತ್ತಿ ಸೈಕಲ್!"

ಅವರ ಸೈಕಲ್ಲಿನ ಕ್ಯಾರಿಯರ್ ಮೇಲೆ ನಾನು. ರಾಗಿ ಹೊಲದ ಬದುವಿನ ಮೇಲೆ ಸೈಕಲ್ಲು ಎಗರಿದಾಗಲೆಲ್ಲ ನಾನೂ ಎಗರುತ್ತಿದ್ದೆ. ಒಂದು ಸಲ ಬಿದ್ದೇ ಬಿಟ್ಟೆ. ಅವರಿಗೆ ಅದು ಗೊತ್ತಾಗಲಿಲ್ಲ, ಮಾತಾಡುತ್ತಲೇ ಮುಂದೆ ಹೋದರು. ನಾನು ಪಂಚೆ ಎತ್ತಿ ಕಟ್ಟಿ ಹಿಂದೆ ಓಡಿದೆ.

ತೋಪಿನಲ್ಲಿ ಕಂಡ ದೃಶ್ಯವನ್ನು ಈ ಜನ್ಮದಲ್ಲಿ ಮರೆಯಲಾರೆ. ಬೆಳ್ಳನೆ ಬಿಸಿಲು, ನಾಲ್ಕು ಗಂಟೆ ಹೊತ್ತು. ಒಬ್ಬ ಹುಣಸೆ ಮರವನ್ನು ತಬ್ಬಿಕೊಂಡು "ಅಮ್ಮಾ" ಎಂದು ಅಳುತ್ತಿದ್ದ. ಇನ್ನೊಬ್ಬ, ಕುಡಿದವರು ಇಂಗ್ಲಿಷ್ ಮಾತಾಡುತ್ತಾರೆಂದು ಯಾರೋ ಹೇಳಿರಬೇಕು, ಗಟ್ಟಿಯಾಗಿ ಇಂಗ್ಲಿಷ್ ಪಾಠ ಒಪ್ಪಿಸುತ್ತಿದ್ದ. ಏಕಾದಶಿಯ ಹುಡುಗ ಎಡಕ್ಕೆ ತೂರಾಡುತ್ತಾ ಹೋಗಿ, ಅಲ್ಲಿ ಮುಳ್ಳು ಕಂಡು, ಜೋಪಾನವಾಗಿ ದಾಟಿ ಮತ್ತೆ ತೂರಾಡಿದ. ಒಬ್ಬೊಬ್ಬನೂ ಮಿಕ್ಕವರನ್ನು ಓರೆಗಣ್ಣಿನಿಂದ ನೋಡಿ ಅವರಿಗಿಂತ ಒಂದು ಕೈ ಹೆಚ್ಚೇ ಕುಣಿಯುತ್ತಿದ್ದ. ನಡುವೆ ಜನರಲ್ ಕಲ್ಲಿನ ಮೇಲೆ ನಿಂತು, "ಇನ್ನೊಂದ್ ಗುಟುಕು, ಹಾಕ್ರೋ!" ಎಂದು ಕೂಗುತ್ತಿದ್ದ. ದೋಸೆ ಹಿಟ್ಟಿನ ವಾಸನೆ ಹೊಲದ ಬದುವಿಗೇ ಹೊಡೆಯುತ್ತಿತ್ತು.

"ನಿಲ್ಲಿಸ್ರೋ!" ಎಂದರು ವಾರ್ಡನ್ನರು.

ಹದಿನೆಂಟೂ ಜನ ನೆಟ್ಟಗೆ ನಿಂತರು. ನಿಜವಾಗಿ ಕುಡಿದವರು ಅಷ್ಟು ನೆಟ್ಟಗೆ ನಿಲ್ಲುವುದುಂಟೇ? ಆದರೆ ಅದನ್ನು ಗಮನಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. "ಫ್ರೀ ಸೀಟಿನವನು ಯಾರು? ಮುಂದೆ ಬಾ" ಎಂದರು.

ಪುಟ್ಟಸ್ವಾಮಿ ಬಂದ. ಕೈಯಲ್ಲಿ ಸೀಸೆ, ಅದರಲ್ಲಿ ಅರ್ಧ ಕಷಾಯ ಇನ್ನೂ ಇತ್ತು.

"ಕುಡಿದಿದ್ದೀಯಾ?"

ಇಲ್ಲ ಅನ್ನೋ, ಕಷಾಯ ಅನ್ನೋ ಎಂದು ಮನಸ್ಸಿನಲ್ಲೇ ಕೂಗಿದೆ. ಅವನು ಒಮ್ಮೆ ಹಿಂದೆ ತಿರುಗಿ ಹುಡುಗರನ್ನೆಲ್ಲ ನೋಡಿದ.

"ಊ ಸಾ. ಕುಡ್ದಿವ್ನಿ."

"ಹಾಗಾದ್ರೆ ನಾಳೆ ಬೆಳಿಗ್ಗೆ ಪೆಟ್ಟಿಗೆ ಕಟ್ಟು."

ಗೇಟಿನವರೆಗೆ ಬಿಟ್ಟು ಬಂದಿದ್ದ ಆ ಹಳೆಯ ಹುಡುಗನ ನೆನಪಾಯಿತು. ಇನ್ನು ತಡೆಯಲಾಗಲಿಲ್ಲ. ನಾನು ಆಣೆ ಇಟ್ಟಿದ್ದು ಹೇಳುವುದಿಲ್ಲ ಎಂದು, ಕುಡಿಯುವುದಿಲ್ಲ ಎಂದಲ್ಲ. ಪುಟ್ಟಸ್ವಾಮಿಯ ಕೈಯಿಂದ ಸೀಸೆ ಕಿತ್ತುಕೊಂಡು, ವಾರ್ಡನ್ನರ ಕಣ್ಣೆದುರಿಗೇ ಗಟಗಟ ಎತ್ತಿದೆ.

"ರಾಯರೇ! ನೀವೂನಾ?"

"ಶುಂಠಿ ಸ್ವಲ್ಪ ಮುಂದಾಗಿದೆ ಸಾರ್. ಒಂದೆರಡು ತೊಟ್ಟು ಉಳಿದಿದೆ, ನೀವೂ ನೋಡಿ" ಎಂದು ಸೀಸೆ ಚಾಚಿದೆ.

ಅವರು ಅಂಗೈಗೆ ಎರಡು ತೊಟ್ಟು ಹಾಕಿಕೊಂಡು ನೆಕ್ಕಿದರು. ಒಂದು ಸೀನು ಬಂತು. ಪಕ್ಕದವನ ಸೀಸೆ ತೆಗೆದುಕೊಂಡರು. ಅದೂ ಕಷಾಯ, ಇನ್ನೊಂದು ಸೀನು. ಅದರ ಪಕ್ಕದ್ದು, ಅದರ ಪಕ್ಕದ್ದು. ಸಾಲಿನುದ್ದಕ್ಕೂ ಅವರು ನೆಕ್ಕುವುದು, ಸೀನುವುದು. ಸೀಸೆ ಸೀಸೆಗೂ ಹುಡುಗರ ಬಾಯಿ ತೆರೆಯುತ್ತಾ ಹೋಯಿತು. "ಲೋ, ನಿಂದೂನಾ?" "ನಿಂದೂ ಕಷಾಯನೇನೋ?" ಮರ ತಬ್ಬಿದವನು ಇಂಗ್ಲಿಷಿನವನ ಬೆನ್ನಿಗೆ ಗುದ್ದಿದ, "ಮತ್ತೆ ಅಷ್ಟೊಂದು ಯಾಕೋ ಕೂಗ್ತಿದ್ದೆ?" "ನೀನ್ ಅಷ್ಟು ಅಳ್ತಿದ್ಯಲ್ಲ, ಅದಕ್ಕೇ!"

ಕೊನೆಗೆ ಜನರಲ್‌ನ ಸೀಸೆ. ವಾರ್ಡನ್ನರು ನೆಕ್ಕಿದರು. ಸೀನು ಬರಲಿಲ್ಲ. ಇನ್ನೊಂದು ಸಲ ನೆಕ್ಕಿ ಹೇಳಿದರು, "ಟೀ. ಹಾಲಿಲ್ಲದ್ದು, ತಣ್ಣಗಾಗಿದೆ."

ಜನರಲ್ ಬೂಟು ನೋಡುತ್ತಾ ನಿಂತಿದ್ದ. "ಮೂರು ವರ್ಷದಿಂದ್ಲೂ ಅದೇ ಸಾರ್. ನಾನೂ ಹೊಸಬನಾಗಿ ಬಂದಾಗ ಹೆದರಿ ಟೀ ತಂದಿದ್ದೆ. ಆಮೇಲೆ ನಿಲ್ಸೋಣ ಅಂದ್ರೆ ನನ್ನನ್ನೇ ಅಜ್ಜಿ ಅಂದ್ಬಿಡ್ತಾರೆ ಅಂತ..." ಮಾತು ಮುಗಿಯುವ ಮೊದಲೇ ಏಕಾದಶಿಯವನು ಪಕ್ಕನೆ ನಕ್ಕ. ಆಮೇಲೆ ಯಾರು ಯಾರನ್ನು ತಡೆಯಬೇಕು? ಹದಿನೆಂಟು ಜನ ನೆಲಕ್ಕೆ ಬಿದ್ದು ಹೊರಳಾಡಿ ನಕ್ಕರು. ನಿಜವಾದ ಕುಡುಕರೂ ಹಾಗೆ ಹೊರಳಾಡಿರಲಾರರು. ಅವರ ಜೊತೆ ನಾನೂ ಕೂತುಬಿಟ್ಟೆ.

ವಾರ್ಡನ್ನರು ಮಾತ್ರ ನಗಲಿಲ್ಲ. ಪುಟ್ಟಸ್ವಾಮಿಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು, "ಕುಡಿದಿಲ್ಲ ಅಂದಿದ್ರೆ ನಿನ್ನ ಸೀಟು ಉಳೀತಿತ್ತಲ್ಲಯ್ಯಾ. ಯಾಕೆ ಸುಳ್ಳು ಹೇಳ್ದೆ?"

"ಸೀಟು ಓದ್ರೆ ಊರಿಗ್ ಓಯ್ತೀನಿ ಸಾ, ಅಲ್ಲಿ ನಮ್ಮವ್ವ ಅವ್ಳೆ. ಅಜ್ಜಿ ಅನ್ನಿಸ್ಕೊಂಡ್ರೆ ಮೂರ್ ವರ್ಸ ಇಲ್ಲೇ ಒಬ್ನೇ ಇರ್ಬೇಕಲ್ಲ ಸಾ."

ನಗು ನಿಂತುಹೋಯಿತು. ಜನರಲ್ ಮುಖ ಆ ಕಡೆ ತಿರುಗಿಸಿಕೊಂಡ. ವಾರ್ಡನ್ನರು ಬಹಳ ಹೊತ್ತು ಸೈಕಲ್ಲಿನ ಬೆಲ್ಲನ್ನು ಸುಮ್ಮನೆ ಒರೆಸುತ್ತಾ ನಿಂತಿದ್ದರು. ವಾಪಸು ಬರುವಾಗ ಸೈಕಲ್ಲು ಹತ್ತಲಿಲ್ಲ, ಹುಡುಗರ ಜೊತೆ ತಳ್ಳಿಕೊಂಡೇ ಬಂದರು. ಬಂದವರೇ ತಮ್ಮ ಕೈಯಿಂದಲೇ ಬೋರ್ಡಿನ ನೋಟೀಸು ಕಿತ್ತರು. ಮೆಣಸಿನ ವಿಷಯಕ್ಕೆ ನನಗೆ ಚೆನ್ನಾಗಿ ಬೈದರು, ಅದು ನ್ಯಾಯವೇ.

ಮುಂದಿನ ಭಾನುವಾರ ಹಬ್ಬದೂಟಕ್ಕೆ ಪುಟ್ಟಸ್ವಾಮಿ ಎಂದಿನಂತೆ ಪಂಕ್ತಿಯ ಕೊನೆಗೆ ಬಂದು ಕೂತ. ಜನರಲ್ ತನ್ನ ಜಾಗ ಬಿಟ್ಟು ಎದ್ದ. ದಪದಪ ಹೆಜ್ಜೆ ಹಾಕಿಕೊಂಡು ಬಂದು ಅವನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಇಡೀ ಹಾಲ್ ಕೇಳುವಂತೆ ಕೂಗಿದ:

"ಭಟ್ರೇ, ಈ ಅಜ್ಜಿಗೂ ಹಲ್ಲಿಲ್ಲ, ಅನ್ನ ಮೆತ್ತಗಿರ್ಲಿ!"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎದುರು ಸಾಲಿನಿಂದ "ನಂಗೂ ಹಲ್ಲಿಲ್ಲ ಭಟ್ರೇ!" ಎಂದಿತು ಒಂದು ದನಿ. ಇನ್ನೊಂದು, ಮತ್ತೊಂದು. ಕೊನೆಗೆ ಇಡೀ ಹಾಲಿನಲ್ಲಿ ಹಲ್ಲಿದ್ದವರೇ ಇರಲಿಲ್ಲ. ಸುಬ್ಬಾಭಟ್ಟರು ಸೌಟು ಹಿಡಿದು, "ಇದೇನು ರಾಯರೇ ಗ್ರಹಚಾರ!" ಎಂದು ನನ್ನ ಮುಖ ನೋಡಿದರು. ಪುಟ್ಟಸ್ವಾಮಿ ತಟ್ಟೆಯ ಮೇಲೆ ಬಗ್ಗಿ ನಗುತ್ತಿದ್ದ, ಅವನ ದೊಡ್ಡ ಕಿವಿಗಳು ಕೆಂಪಾಗಿದ್ದವು.

ಇಷ್ಟನ್ನು ಬರೆದು, ನಿನ್ನೆ ಆ ಪೇಡೆಯ ಹುಡುಗನನ್ನು ಕರೆಸಿ ಓದಿಸಿದೆ. ನಕ್ಕ. "ಕಷಾಯಕ್ಕೆಲ್ಲ ಈಗಿನ ಹುಡುಗ್ರು ಬಗ್ಗಲ್ಲ ಅಂಕಲ್" ಎಂದ.

"ಕಷಾಯ ಹಾಳಾಗ್ಲಿ ಬಿಡಪ್ಪ. ನಿಮ್ಮ ಮೆಸ್ಸಿಗೆ ಹಿಂಬಾಗಿಲು ಇದೆಯಾ?"

"ಇದೆ ಅಂಕಲ್. ಕಳ್ಳಾಟ ನಡೆಯುತ್ತೆ ಅಂತ ಹೋದ ವಾರ ನಾನೇ ಬೀಗ ಹಾಕಿಸ್ದೆ."

"ಹೋಗು, ಮೊದ್ಲು ಅದನ್ನ ತೆಗೆಸು. ಮಧ್ಯಾಹ್ನ ಮೂರು ಗಂಟೆಗೆ ಅಲ್ಲೊಂದು ಸ್ಟೂಲ್ ಹಾಕ್ಕೊಂಡು ನೀನೇ ಕೂತ್ಕೋ" ಎಂದೆ.